ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತಿದೆ, ಆದರೂ ಬದಲಾಯಿಸಬೇಕಾ?

ನಮ್ಮ ಕಾರಿಗೆ 13 ವರ್ಷ ಆಯಿತು. ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ. ಪೆಡಲ್ ಗಟ್ಟಿಯಾಗಿದೆ, ಗಾಡಿ ಒಂದು ಕಡೆ ಎಳೆಯುವುದಿಲ್ಲ, ಕಿರ್ರ್ ಅನ್ನುವ ಸದ್ದೂ ಇಲ್ಲ. ಹೀಗಿದ್ದೂ ನಾನು ಎರಡು ತಿಂಗಳು ಬ್ರೇಕಿನ ಬಗ್ಗೆಯೇ ತಲೆ ಕೆಡಿಸಿಕೊಂಡು ಕೂತಿದ್ದೆ. ಕಾರಣ ಒಂದು ಗೇಣುದ್ದದ ರಬ್ಬರ್ ಪೈಪು.

ಹಿಂದಿನ ಟೈರ್ ಮುಂದಕ್ಕೆ, ಮುಂದಿನದು ಹಿಂದಕ್ಕೆ ಹಾಕೋಣ ಅಂತ ಒಂದು ರಜೆ ದಿನ ಜಾಕ್ ಏರಿಸಿ ಮುಂದಿನ ಎಡ ಚಕ್ರ ಬಿಚ್ಚಿದ್ದೆ. ಹೇಗೂ ಬಿಚ್ಚಿದ್ದೇನಲ್ಲ ಅಂತ ಟಾರ್ಚ್ ಹಿಡಿದು ಸುಮ್ನೆ ಒಳಗೆ ಇಣುಕಿದೆ. ಪ್ಯಾಡ್ ಇನ್ನೂ ದಪ್ಪ ಇತ್ತು. ಚಕ್ರದ ಜೊತೆ ತಿರುಗುವ ಡಿಸ್ಕ್ ನುಣ್ಣಗಿತ್ತು. ಆ ಡಿಸ್ಕನ್ನು ಪ್ಯಾಡಿನಿಂದ ಅದುಮಿ ಹಿಡಿಯುವ ಕ್ಯಾಲಿಪರಿಗೆ ಆಯಿಲ್ ಒಯ್ಯುವ ಬ್ರೇಕ್ ಹೋಸನ್ನು ಎರಡು ಬೆರಳಲ್ಲಿ ಹಿಡಿದು ಸ್ವಲ್ಪ ಬಗ್ಗಿಸಿದಾಗ ಮಾತ್ರ ಎದೆ ಧಸಕ್ ಅಂದಿತು. ಬಗ್ಗಿದ ಕಡೆ ಸಣ್ಣ ಸಣ್ಣ ಬಿರುಕು ಬಾಯಿ ಬಿಟ್ಟವು, ನೀರಿಲ್ಲದೆ ಒಣಗಿದ ಕೆರೆಯ ಮಣ್ಣಿನ ಹಾಗೆ. ಬಿಟ್ಟರೆ ಮತ್ತೆ ಮುಚ್ಚಿಕೊಂಡು ಏನೂ ಆಗಿಲ್ಲವೆಂಬಂತೆ ನಯವಾಗಿ ಕಾಣುತ್ತಿತ್ತು. ಎಷ್ಟು ವರ್ಷದಿಂದ ಹೀಗಿದೆಯೋ! ಇದೇ ಪೈಪಿನ ಮೇಲೆ ಭಾರ ಹಾಕಿ ಎಷ್ಟು ಸಲ ಘಾಟಿ ಇಳಿದಿದ್ದೇನೋ.

ಈ ಹೋಸ್ ಬದಲಾಯಿಸಬೇಕು ಅನ್ನುವುದರಲ್ಲಿ ಅನುಮಾನ ಇರಲಿಲ್ಲ. ಪ್ರಶ್ನೆ ಅದರ ನಂತರದ್ದು. ಇದೊಂದನ್ನೇ ಹಾಕುವುದಾ, ನಾಲ್ಕೂ ಹೋಸ್ ಹಾಕುವುದಾ? ಹೋಸಿಗೆ ವಯಸ್ಸಾಗಿದೆ ಅಂದರೆ ಕ್ಯಾಲಿಪರ್ ಒಳಗಿನ ಸೀಲಿಗೂ ಅಷ್ಟೇ ವಯಸ್ಸಲ್ವಾ? ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರ್? ಹಿಂದಿನ ಡ್ರಮ್ ಬ್ರೇಕಿನಲ್ಲಿ ಪ್ಯಾಡಿನ ಬದಲು ಇರುವ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್? ತಳದಲ್ಲಿ ಓಡುವ ಲೋಹದ ಪೈಪು? ಒಂದು ಹಳೆಯ ಲಕೋಟೆಯ ಹಿಂದೆ ಪಟ್ಟಿ ಬರೆಯುತ್ತಾ ಹೋದೆ. ಕೊನೆಗೆ ನೋಡಿದರೆ ಪೆಡಲ್ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅದರಲ್ಲಿತ್ತು.

ಇಬ್ಬರನ್ನು ಕೇಳಿದೆ, ಎರಡು ಗಾದೆ ಸಿಕ್ಕವು. ಒಬ್ಬ ಗೆಳೆಯ, "ಇರಲಾರದೆ ಇರುವೆ ಬಿಟ್ಟುಕೊಂಡರಂತೆ, ಹಿಡಿಯುತ್ತಿರುವ ಬ್ರೇಕನ್ನು ಯಾಕೋ ಮುಟ್ಟುತ್ತೀಯ?" ಅಂದ. ನಮ್ಮಣ್ಣ, "ಕೆಟ್ಟ ಮೇಲೆ ಬುದ್ಧಿ ಬಂತು ಅಂತ ಆಗಬಾರದು, ಎಲ್ಲ ಹೊಸದು ಹಾಕಿಸಿ ನಿಶ್ಚಿಂತೆಯಾಗಿರು" ಅಂದ. ತಮಾಷೆ ಅಂದರೆ ಇಬ್ಬರೂ ಹೇಳಿದ್ದು ಸರಿಯೇ. ಆದರೆ ಯಾರ ಮಾತು ಯಾವ ಭಾಗಕ್ಕೆ ಅನ್ವಯಿಸುತ್ತದೆ ಅನ್ನುವುದು ಇಬ್ಬರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ ಬಿಡಿ.

"ಎಲ್ಲ ಹೊಸದು ಹಾಕಿಸು" ಅನ್ನುವುದು ಕೇಳುವುದಕ್ಕೆ ಚೆನ್ನಾಗಿರುತ್ತದೆ, ಆದರೆ ಅದರಲ್ಲೇ ಒಂದು ಅಪಾಯ ಇದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆ ಸಮುದ್ರದ ಮೇಲೆ ಗಸ್ತಿಗೆ ಲಿಬರೇಟರ್ ಅನ್ನುವ ದೊಡ್ಡ ವಿಮಾನಗಳನ್ನು ಬಳಸುತ್ತಿತ್ತು. 50 ಗಂಟೆ ಹಾರಾಟಕ್ಕೆ ಒಮ್ಮೆ ಅವುಗಳನ್ನು ಬಿಚ್ಚಿ ತಪಾಸಣೆ ಮಾಡುವ ಪದ್ಧತಿ. ವಾಡಿಂಗ್ಟನ್ ಎಂಬ ಜೀವವಿಜ್ಞಾನಿ (ವಿಮಾನದವರಲ್ಲ, ನೋಡಿ) ಯಾವ ಗಂಟೆಯಲ್ಲಿ ಎಷ್ಟು ರಿಪೇರಿ ಬಂದಿದೆ ಅಂತ ಲೆಕ್ಕ ಹಾಕಿಸಿದರು. ತಪಾಸಣೆ ಆಗಿ ಬಂದ ತಕ್ಷಣವೇ ರಿಪೇರಿ ಜಾಸ್ತಿ, ಹಾರುತ್ತಾ ಹಾರುತ್ತಾ ಕಡಿಮೆ! ಅಂದರೆ ಚೆನ್ನಾಗಿ ಓಡುತ್ತಿದ್ದದ್ದನ್ನು ಬಿಚ್ಚಿ ಕೂಡಿಸಿದ್ದೇ ತೊಂದರೆಗೆ ಕಾರಣವಾಗಿತ್ತು. ಮುಂದೆ 1978ರಲ್ಲಿ ಅಮೆರಿಕದ ಯುನೈಟೆಡ್ ಏರ್‌ಲೈನ್ಸಿನ ನೌಲನ್ ಮತ್ತು ಹೀಪ್ ಎಂಬ ಇಬ್ಬರು ವಿಮಾನದ ಭಾಗಗಳ ಬಗ್ಗೆ ಒಂದು ದೊಡ್ಡ ವರದಿ ಕೊಟ್ಟರು. ಅದರ ಪ್ರಕಾರ ವಯಸ್ಸಾದಂತೆ ಕೆಡುವ ಸಂಭವ ಏರುತ್ತಾ ಹೋಗುವ ಭಾಗಗಳು ನೂರಕ್ಕೆ 11 ಮಾತ್ರ. ನೂರಕ್ಕೆ 68 ಭಾಗಗಳು ಕೆಡುವುದಾದರೆ ಹೊಸದಾಗಿ ಹಾಕಿದ ಶುರುವಿನಲ್ಲೇ ಹೆಚ್ಚು.

ಇದನ್ನು ಓದಿದ ಮೇಲೆ ಎರಡು ದಿನ ನಾನು ಗೆಳೆಯನ ಪಕ್ಷ. ಏನನ್ನೂ ಮುಟ್ಟಬಾರದು ಅಂತ. ಆಮೇಲೆ ಹೊಳೆಯಿತು, ವಿಮಾನದ ಲೆಕ್ಕದಲ್ಲಿ ರೇಡಿಯೋ, ಪಂಪು, ಹತ್ತಾರು ಬಿಡಿಭಾಗ ಸೇರಿ ಆದ ಸಂಕೀರ್ಣ ಯಂತ್ರಗಳೇ ಹೆಚ್ಚು. ಸವೆಯುವ ವಸ್ತು, ರಬ್ಬರ್, ತುಕ್ಕು ಹಿಡಿಯುವ ಕಬ್ಬಿಣ, ಇವುಗಳ ಕಥೆ ಬೇರೆ. ಬ್ರೇಕಿನಲ್ಲಿ ಇರುವುದೆಲ್ಲ ಹೆಚ್ಚುಕಡಿಮೆ ಇವೇ ಮೂರು. ಹಾಗಾಗಿ ಪಟ್ಟಿಯನ್ನು ಮತ್ತೆ ಮುಂದಿಟ್ಟುಕೊಂಡೆ. ಈ ಸಲ "ಇದಕ್ಕೆ ಎಷ್ಟು ವಯಸ್ಸು" ಅಂತ ಕೇಳಿಕೊಳ್ಳುವ ಬದಲು "ಇದು ಸಾಯುವುದು ಹೇಗೆ, ಹೇಳಿ ಸಾಯುತ್ತದಾ ಹೇಳದೆ ಸಾಯುತ್ತದಾ" ಅಂತ ಒಂದೊಂದರ ಮುಂದೆಯೂ ಬರೆದುಕೊಂಡೆ. ಅಲ್ಲಿಂದ ಕೆಲಸ ಸಲೀಸಾಯಿತು.

ಹೇಳಿ ಸಾಯುವುದರಲ್ಲಿ ಮೊದಲನೆಯದು ಪ್ಯಾಡ್. ಪಾಪ, ಅದರಷ್ಟು ಮರ್ಯಾದಸ್ಥ ಭಾಗ ಗಾಡಿಯಲ್ಲಿ ಬೇರೆ ಇಲ್ಲ. ಹೊಸದರಲ್ಲಿ 10-12 ಮಿಲಿಮೀಟರ್ ದಪ್ಪ ಇರುತ್ತದೆ, ಸವೆಯುತ್ತಾ ಬರುತ್ತದೆ, ಚಕ್ರದ ಸಂದಿಯಿಂದ ಇಣುಕಿದರೆ ಕಾಣುತ್ತದೆ, 3 ಮಿಲಿಮೀಟರಿಗೆ ಬಂದಾಗ ಬದಲಾಯಿಸಿದರೆ ಆಯಿತು. ಬಹಳ ಪ್ಯಾಡುಗಳಲ್ಲಿ ಒಂದು ಸಣ್ಣ ತಗಡಿನ ನಾಲಿಗೆ ಇರುತ್ತದೆ, ಪ್ಯಾಡ್ ಸವೆದಾಗ ಅದು ಡಿಸ್ಕಿಗೆ ತಾಗಿ ಕೀಚಲು ದನಿಯಲ್ಲಿ ಕೂಗುತ್ತದೆ. ಡಿಸ್ಕೂ ಅಷ್ಟೇ. ಇಷ್ಟಕ್ಕಿಂತ ತೆಳ್ಳಗಾದರೆ ಎಸೆಯಿರಿ ಅಂತ ಕನಿಷ್ಠ ದಪ್ಪವನ್ನು ಅದರ ಮೇಲೆಯೇ ಕೆತ್ತಿರುತ್ತಾರೆ. ಇವನ್ನು "ಹೇಗೂ ಹಳೆಯದಾಯ್ತು" ಅಂತ ಮೊದಲೇ ಬದಲಾಯಿಸುವುದರಲ್ಲಿ ಅರ್ಥವೇ ಇಲ್ಲ. ಒಂದೇ ಒಂದು ಮಾತು: ಒಳಗಿನ ಪ್ಯಾಡನ್ನೂ ನೋಡಬೇಕು. ಹೊರಗಿನದು ಅರ್ಧ ಇದ್ದು ಒಳಗಿನದು ತಗಡಿಗೆ ಬಂದಿರುವುದು ಅಪರೂಪವೇನಲ್ಲ.

ಹೇಳದೆ ಸಾಯುವುದಕ್ಕೆ ಉದಾಹರಣೆ ಬ್ರೇಕ್ ಆಯಿಲ್. ಆಯಿಲ್ ಅಂತ ಕರೆಯುತ್ತೇವೆ, ನಿಜಕ್ಕೂ ಅದು ಎಣ್ಣೆಯೇ ಅಲ್ಲ. ಗ್ಲೈಕಾಲ್ ಜಾತಿಯ ದ್ರವ, ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವುದು ಅದರ ಗುಣ. ಮುಚ್ಚಳ ಬಿಗಿಯಾಗಿದ್ದರೂ ರಬ್ಬರ್ ಹೋಸಿನ ಮೂಲಕವೇ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ತೇವ ಒಳಗೆ ಹೋಗುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅಂತ ನಿಯಮ. ಅದರಲ್ಲಿ ನೂರಕ್ಕೆ 3.7ರಷ್ಟು ನೀರು ಸೇರಿತು ಅಂದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ರಲ್ಲಿ 205 ಇದ್ದದ್ದು 140.

155 ಡಿಗ್ರಿ ಜಾಸ್ತಿಯೇ ಅಲ್ವಾ ಅನ್ನಿಸಬಹುದು. ಒಂದು ಲೆಕ್ಕ ನೋಡಿ. 1,200 ಕಿಲೋ ತೂಕದ ಕಾರು 100 ಕಿಲೋಮೀಟರ್ ವೇಗದಿಂದ ಪೂರ್ತಿ ನಿಂತರೆ ಬ್ರೇಕುಗಳು ಹೀರುವ ಶಕ್ತಿಯಿಂದ ಸುಮಾರು ಒಂದೂವರೆ ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು. ಅದೂ ಕೆಲವೇ ಸೆಕೆಂಡಿನಲ್ಲಿ. ವೇಗ ಅರ್ಧ ಆದರೆ ಶಕ್ತಿ ಕಾಲು ಭಾಗ ಆಗುತ್ತದೆ, ಹಾಗಾಗಿ ಪೇಟೆಯೊಳಗೆ ಓಡಿಸುವಾಗ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಉದ್ದನೆಯ ಇಳಿಜಾರಿನಲ್ಲಿ, ತುಂಬಿದ ಗಾಡಿಯಲ್ಲಿ, ಬ್ರೇಕ್ ಮೇಲೆ ಕಾಲಿಟ್ಟೇ ಇಳಿಯುತ್ತಿರುವಾಗ. ಆಯಿಲ್ ಒಳಗಿನ ನೀರು ಕುದಿದು ಗುಳ್ಳೆ ಆಗುತ್ತದೆ. ದ್ರವವನ್ನು ಅದುಮಿ ಕುಗ್ಗಿಸಲು ಆಗುವುದಿಲ್ಲ, ಗುಳ್ಳೆಯನ್ನು ಆಗುತ್ತದೆ. ಪೆಡಲ್ ಒತ್ತಿದರೆ ಗುಳ್ಳೆ ಕುಗ್ಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಕಾಲು ನೆಲಕ್ಕೆ ಹೋಗುತ್ತದೆ. ಇನ್ನೂ ಕೆಟ್ಟದ್ದು ಏನಂದರೆ ಅರ್ಧ ಗಂಟೆ ನಿಲ್ಲಿಸಿ ತಣ್ಣಗಾದ ಮೇಲೆ ಪೆಡಲ್ ಮೊದಲಿನ ಹಾಗೇ ಗಟ್ಟಿಯಾಗುತ್ತದೆ, ಗ್ಯಾರೇಜಿಗೆ ಹೋದರೆ "ಎಲ್ಲ ಸರಿ ಇದೆಯಲ್ಲ ಸಾರ್" ಅನ್ನುತ್ತಾರೆ. ಎಲ್ಲಿಯೂ ಗುರುತು ಉಳಿದಿರುವುದಿಲ್ಲ.

ಹಾಗಾಗಿ ಆಯಿಲ್ ವಿಷಯದಲ್ಲಿ ಚರ್ಚೆಯೇ ಬೇಡ, ಕ್ಯಾಲೆಂಡರ್ ನೋಡಿ ಬದಲಾಯಿಸಬೇಕು. ಬಹಳ ಕಂಪನಿಗಳು ಎರಡು ವರ್ಷ ಅನ್ನುತ್ತವೆ, ನಿಮ್ಮ ಗಾಡಿಯ ಪುಸ್ತಕದಲ್ಲಿ ಎಷ್ಟಿದೆಯೋ ಅಷ್ಟು. ಗಾಡಿ ಓಡಲಿ ಬಿಡಲಿ, ತೇವ ಹೀರುವುದು ನಿಲ್ಲುವುದಿಲ್ಲ. ಬಣ್ಣ ನೋಡಿ ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ, ತಿಳಿಯಾಗಿ ಕಾಣುವ ಆಯಿಲಿನಲ್ಲೂ ನೀರಿರಬಹುದು. ನನ್ನದು ಎಷ್ಟು ವರ್ಷ ಆಗಿತ್ತು ಅಂತ ಹೇಳಲು ನಾಚಿಕೆ. ಆರು. ಅದನ್ನೇ ಮೊದಲು ಮಾಡಬೇಕಿತ್ತು. ಬಿರುಕು ಕಣ್ಣಿಗೆ ಬಿತ್ತು ಅಂತ ಬಿರುಕಿಗೆ ಹೆದರಿದೆ, ಕಾಣದ ನೀರಿಗೆ ಆರು ವರ್ಷ ಹೆದರಲೇ ಇಲ್ಲ.

ಈಗ ಹೋಸಿನ ಕಥೆಗೆ ಬರುತ್ತೇನೆ. ಇಲ್ಲಿ ನನಗೆ ಎರಡು ಪಾಠ ಆಯಿತು, ಒಂದಕ್ಕೊಂದು ತದ್ವಿರುದ್ಧ.

ಬ್ರೇಕ್ ಹೋಸ್ ಅಂದರೆ ಒಂದೇ ರಬ್ಬರ್ ಕೊಳವೆ ಅಲ್ಲ. ಒಳಗೊಂದು ತೆಳುವಾದ ನಳಿಗೆ, ಅದರ ಮೇಲೆ ಹೆಣೆದ ದಾರದ ಪದರ, ಅದರ ಮೇಲೆ ಹೊರಗಿನ ರಬ್ಬರ್. ಒತ್ತಡ ತಡೆಯುವುದು ದಾರ. ಹೊರಗಿನ ರಬ್ಬರ್ ಬಿರುಕು ಬಿಟ್ಟು ದಾರ ಕಂಡರೆ ಕಥೆ ಮುಗಿಯಿತು. ಆದರೆ ಹೊರಗೆ ಚೆನ್ನಾಗಿದ್ದೂ ಒಳಗಿನ ನಳಿಗೆ ಊದಿಕೊಂಡು ದಾರಿ ಮುಚ್ಚಬಹುದು. ಆಗ ಪೆಡಲಿನ ಜೋರಿಗೆ ಆಯಿಲ್ ಚಕ್ರದ ಕಡೆ ನುಗ್ಗಿ ಹೋಗುತ್ತದೆ, ಕಾಲು ತೆಗೆದ ಮೇಲೆ ವಾಪಸ್ ಬರಲು ದಾರಿ ಇಲ್ಲದೆ ಬ್ರೇಕ್ ಹಿಡಿದೇ ಇರುತ್ತದೆ. ಚಕ್ರ ಬಿಸಿ. ಜನ ಕ್ಯಾಲಿಪರ್ ಜಾಮ್ ಅಂತ ಹೊಸ ಕ್ಯಾಲಿಪರ್ ಹಾಕಿಸುತ್ತಾರೆ, ಆದರೂ ಬಿಸಿ ನಿಲ್ಲುವುದಿಲ್ಲ. ಇದನ್ನು ಹಿಡಿಯುವ ಉಪಾಯ ಸುಲಭ. ಚಕ್ರ ಹಿಡಿದುಕೊಂಡಿರುವಾಗಲೇ ಕ್ಯಾಲಿಪರಿನ ಏರ್ ತೆಗೆಯುವ ನಿಪ್ಪಲ್ ಸಡಿಲ ಮಾಡಿ. ಚಕ್ರ ಬಿಟ್ಟುಕೊಂಡರೆ ಒತ್ತಡ ಸಿಕ್ಕಿಹಾಕಿಕೊಂಡಿತ್ತು ಅಂತ ಅರ್ಥ, ಅಂದರೆ ತಪ್ಪು ಕ್ಯಾಲಿಪರಿನದಲ್ಲ. ಮುಂದಿನ ಸಲ ಹಿಡಿದಾಗ ಹೋಸಿನ ಮೇಲ್ತುದಿಯ ನಟ್ ಸಡಿಲಿಸಿ ನೋಡಿ. ಅಲ್ಲಿ ಸಡಿಲಿಸಿದರೂ ಚಕ್ರ ಬಿಡಲಿಲ್ಲ ಅಂದರೆ ಹೋಸೇ ಕಳ್ಳ.

ನಾನು ನಾಲ್ಕೂ ಹೋಸ್ ಬದಲಾಯಿಸಿದೆ. ತೆಗೆದ ಹಳೆಯ ನಾಲ್ಕನ್ನೂ ಮನೆಗೆ ತಂದು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಹೋಸ್ ಮೇಲೆ ಸಣ್ಣ ಅಕ್ಷರದಲ್ಲಿ ತಯಾರಾದ ತಾರೀಕು ಅಚ್ಚಾಗಿರುತ್ತದೆ, ಬಟ್ಟೆಯಿಂದ ಉಜ್ಜಿ ಓದಿದೆ. ಮೂರು ಹೋಸ್ ಗಾಡಿಯ ವಯಸ್ಸಿನವು. ಬಿರುಕು ಬಿಟ್ಟಿದ್ದ ಎಡ ಮುಂದಿನದು ಮಾತ್ರ ಏಳು ವರ್ಷ ಚಿಕ್ಕದು! ನೆನಪಾಯಿತು, ಆರು ವರ್ಷದ ಹಿಂದೆ ಒಂದು ಗ್ಯಾರೇಜಿನಲ್ಲಿ ಆ ಕಡೆಯ ಕ್ಯಾಲಿಪರ್ ಕೆಲಸ ಮಾಡಿಸಿದಾಗ ಹೋಸನ್ನೂ ಹೊಸದು ಹಾಕಿದ್ದರು. ಹೋಸಿನ ಉದ್ದಕ್ಕೂ ಒಂದು ಗೆರೆ ಎಳೆದಿರುತ್ತಾರಲ್ಲ, ಅದು ಅಲಂಕಾರಕ್ಕಲ್ಲ, ಹಾಕುವಾಗ ತಿರುಚಿಕೊಂಡಿದೆಯಾ ಅಂತ ನೋಡುವುದಕ್ಕೆ. ಬಿಚ್ಚುವ ಮೊದಲು ತೆಗೆದ ಫೋಟೋ ನೋಡಿದರೆ ಆ ಗೆರೆ ಬಳ್ಳಿಯ ಹಾಗೆ ಸುತ್ತಿಕೊಂಡು ಹೋಗಿತ್ತು. ಅರ್ಧ ಸುತ್ತು ತಿರುಚಿಯೇ ಬಿಗಿದಿದ್ದರು. ಆರು ವರ್ಷ ಪ್ರತಿ ಸಲ ಸ್ಟೇರಿಂಗ್ ತಿರುಗಿಸಿದಾಗಲೂ ಅದೇ ಜಾಗದಲ್ಲಿ ಎಳೆದಿದೆ. ಗೆಳೆಯನ ಇರುವೆ ಗಾದೆ ನಿಜವಾದದ್ದು ಇಲ್ಲಿ.

ಆಮೇಲೆ ಬ್ಲೇಡ್ ತೆಗೆದುಕೊಂಡು ಒಂದೊಂದನ್ನೇ ಕತ್ತರಿಸಿದೆ. ಮುಂದಿನ ಎರಡರ ಒಳಗೂ ದುಂಡನೆಯ ರಂಧ್ರ, ಸ್ವಚ್ಛ. ಬಿರುಕಿನ ಹೋಸಿನ ಬಿರುಕು ಹೊರ ಪದರಕ್ಕೇ ನಿಂತಿತ್ತು, ದಾರದವರೆಗೆ ಹೋಗಿರಲಿಲ್ಲ. ಹಿಂದಿನ ಬಲಗಡೆಯದು ಹೊರಗಿನಿಂದ ನಾಲ್ಕರಲ್ಲೂ ಅತ್ಯಂತ ಲಕ್ಷಣವಾಗಿತ್ತು. ಮಣ್ಣು ಒರೆಸಿದರೆ ಹೊಸದರಂತೆ ಮಿಂಚುತ್ತಿತ್ತು. ಕತ್ತರಿಸಿ ನೋಡಿದರೆ ರಂಧ್ರ ಒಂದು ಕಡೆಯಿಂದ ಊದಿ ಅರ್ಧಚಂದ್ರದ ಆಕಾರಕ್ಕೆ ಬಂದಿತ್ತು, ಗುಂಡುಸೂಜಿ ತೂರಿಸಿದರೆ ಬಿಗಿಯಾಗಿ ಹೋಗುವಷ್ಟು ಸಂದಿ. ಹೋಸ್ ಬಿಚ್ಚುವ ಮೊದಲು ಹಳೆಯ ಆಯಿಲ್ ಇಳಿಸುವಾಗ ಆ ಚಕ್ರದ ನಿಪ್ಪಲಿನಿಂದ ಮಾತ್ರ ಆಯಿಲ್ ಚಿಮ್ಮದೆ ತೊಟ್ಟು ತೊಟ್ಟಾಗಿ ಬಂದಿತ್ತು. ನಿಪ್ಪಲಿನಲ್ಲಿ ಕೊಳೆ ಸಿಕ್ಕಿರಬೇಕು ಅಂತ ನಾನೇ ತಂತಿ ಹಾಕಿ ಚುಚ್ಚಿದ್ದೆ, ದಡ್ಡನ ಹಾಗೆ.

ಅಂದರೆ ಚಿಕ್ಕ ವಯಸ್ಸಿನದು ಕೆಟ್ಟದಾಗಿ ಕಂಡಿತು, ಕೆಟ್ಟದ್ದು ಚೆನ್ನಾಗಿ ಕಂಡಿತು. ಕಣ್ಣೂ ಮೋಸ, ತಾರೀಕೂ ಮೋಸ. ಹೋಸನ್ನು ನಾನೀಗ ಎರಡೂ ಪಟ್ಟಿಗೆ ಹಾಕಿದ್ದೇನೆ. ಪ್ರತಿ ವರ್ಷ ಬಗ್ಗಿಸಿ ನೋಡುವುದು, ಚೆನ್ನಾಗಿಯೇ ಕಂಡರೂ ಹತ್ತು ವರ್ಷಕ್ಕೆ ತೆಗೆದು ಬಿಸಾಕುವುದು. ಹತ್ತು ಅನ್ನುವುದು ನಾನೇ ಇಟ್ಟುಕೊಂಡ ಗಡುವು, ಶಾಸ್ತ್ರವೇನಲ್ಲ. ನಿಮ್ಮ ಗಾಡಿಯ ಪುಸ್ತಕ ಅದಕ್ಕಿಂತ ಕಡಿಮೆ ಹೇಳಿದ್ದರೆ ಅದನ್ನೇ ಕೇಳಿ.

ಹೋಸ್ ಹಾಕುವ ಕೆಲಸ ನೀವೇ ಮಾಡುವುದಾದರೆ ಒಂದೆರಡು ಮಾತು. ಲೋಹದ ಪೈಪಿನ ನಟ್ಟಿಗೆ ಸಾಧಾರಣ ಓಪನ್ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದು ದುಂಡಾಗುತ್ತದೆ. ಅದಕ್ಕೆ ಸುತ್ತ ಹಿಡಿಯುವ, ಒಂದು ಕಡೆ ಮಾತ್ರ ಸೀಳಿರುವ ಪೈಪ್ ಸ್ಪ್ಯಾನರ್ ಇದೆ, ಅದೇ ಬೇಕು. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ನಟ್ ತಿರುಗದೆ ಪೈಪೇ ತಿರುಗಿತು ಅಂದರೆ ಹೋಸ್ ಕೆಲಸ ಹೋಗಿ ಪೈಪ್ ಕೆಲಸ ಆಗುತ್ತದೆ. ಕ್ಯಾಲಿಪರ್ ಕಡೆ ಬೋಲ್ಟಿನ ಎರಡೂ ಬದಿಯ ತಾಮ್ರದ ವಾಷರ್ ಪ್ರತಿ ಸಲ ಹೊಸದು. ಬಿಗಿದ ಮೇಲೆ ಸ್ಟೇರಿಂಗನ್ನು ಪೂರ್ತಿ ಆಕಡೆ ಈಕಡೆ ತಿರುಗಿಸಿ ಹೋಸ್ ಎಲ್ಲಿಯಾದರೂ ಟೈರಿಗೆ ತಾಗುತ್ತದಾ ನೋಡಿ. ಆ ಗೆರೆಯನ್ನೂ ನೋಡಿ, ದಯವಿಟ್ಟು.

ಮಾಸ್ಟರ್ ಸಿಲಿಂಡರ್ ಬಗ್ಗೆ ನಾನು ಅತಿ ಹೆಚ್ಚು ಯೋಚನೆ ಮಾಡಿದ್ದು, ಕೊನೆಗೆ ಮುಟ್ಟದೆ ಬಿಟ್ಟಿದ್ದೂ ಅದನ್ನೇ. ಕಾರಣ ಹೇಳುತ್ತೇನೆ. ಅದು ಕೆಡುವುದು ಸಾಮಾನ್ಯವಾಗಿ ನಿಧಾನ. ಒಳಗಿನ ಸೀಲ್ ಸೋರಲು ಶುರುವಾದರೆ ಪೆಡಲ್ ಹೇಳುತ್ತದೆ. ಎಂಜಿನ್ ಚಾಲೂ ಮಾಡಿ ಪೆಡಲನ್ನು ಹದವಾಗಿ ಒತ್ತಿ ಅರ್ಧ ನಿಮಿಷ ಹಾಗೇ ಹಿಡಿದಿರಿ. ಕಾಲ ಕೆಳಗೆ ಪೆಡಲ್ ಮೆಲ್ಲಗೆ ಜಾರುತ್ತಾ ಹೋದರೆ, ಹೊರಗೆಲ್ಲೂ ಆಯಿಲ್ ಸೋರಿಲ್ಲದಿದ್ದರೆ, ಮೊದಲ ಅನುಮಾನ ಅದರ ಮೇಲೆ. ಇನ್ನೊಂದು ಸಮಾಧಾನ, ಈಗಿನ ಗಾಡಿಗಳಲ್ಲಿ ಅದರೊಳಗೆ ಎರಡು ಪ್ರತ್ಯೇಕ ದಾರಿ ಇರುತ್ತದೆ. ಒಂದು ಕೈಕೊಟ್ಟರೆ ಇನ್ನೊಂದು ಅರ್ಧ ಬ್ರೇಕನ್ನಾದರೂ ಉಳಿಸುತ್ತದೆ. ಮುಂದಿನ ಚಕ್ರದಿಂದ ಓಡುವ ಬಹಳ ಕಾರುಗಳಲ್ಲಿ ಮುಂದಿನ ಎಡ ಮತ್ತು ಹಿಂದಿನ ಬಲ ಒಂದು ಜೋಡಿ, ಉಳಿದೆರಡು ಇನ್ನೊಂದು. ಒಂದು ಹೋದಾಗ ಪೆಡಲ್ ಬಹಳ ಕೆಳಗೆ ಹೋಗಿ ಹಿಡಿಯುತ್ತದೆ, ಜೋರಾಗಿ ಒತ್ತಬೇಕಾಗುತ್ತದೆ. ಗಾಬರಿಯಲ್ಲಿ ಕಾಲು ತೆಗೆಯಬಾರದು, ಅಷ್ಟೇ.

ಚೆನ್ನಾಗಿರುವ ಹಳೆಯ ಮಾಸ್ಟರ್ ಸಿಲಿಂಡರನ್ನು ಕೆಡಿಸುವ ಖಚಿತ ಉಪಾಯ ಬೇಕಾದರೆ ಅದೂ ಇದೆ: ಆಯಿಲ್ ಬದಲಾಯಿಸುವಾಗ ಪೆಡಲನ್ನು ನೆಲಕ್ಕೆ ಮುಟ್ಟುವ ತನಕ ಒತ್ತುವುದು. ದಿನನಿತ್ಯ ಓಡಿಸುವಾಗ ಪಿಸ್ಟನ್ ಸಿಲಿಂಡರಿನ ಮೊದಲ ಸ್ವಲ್ಪ ಭಾಗದಲ್ಲಿ ಮಾತ್ರ ಆಡುತ್ತದೆ, ಆ ಭಾಗ ಕನ್ನಡಿಯಂತಿರುತ್ತದೆ. ಅದರಾಚೆ ವರ್ಷಗಟ್ಟಲೆ ಯಾರೂ ಹೋಗದ ಜಾಗ. ತೇವದಿಂದ ತುಕ್ಕು, ಕೆಸರು. ಪೆಡಲನ್ನು ಪೂರ್ತಿ ತುಳಿದರೆ ರಬ್ಬರ್ ಸೀಲು ಆ ತುಕ್ಕಿನ ಮೇಲೆ ಉಜ್ಜಿಕೊಂಡು ಹೋಗಿ ಅಂಚು ಹರಿದುಕೊಂಡು ಬರುತ್ತದೆ. ಮಾರನೇ ದಿನ ಪೆಡಲ್ ಜಾರಲು ಶುರು. "ಆಯಿಲ್ ಬದಲಾಯಿಸಿದ ಮೇಲೆ ಬ್ರೇಕ್ ಕೆಟ್ಟಿತು" ಅನ್ನುವ ದೂರು ಕೇಳಿದ್ದೀರಲ್ಲ, ಅದರಲ್ಲಿ ಕೆಲವಕ್ಕಾದರೂ ಇದೇ ಕಾರಣ. ನಮ್ಮ ಮೆಕ್ಯಾನಿಕ್ ಇದನ್ನು ಮಾಡಿದ ರೀತಿ ನನಗೆ ಬಹಳ ಹಿಡಿಸಿತು. ನಾನು ಪೆಡಲ್ ಒತ್ತಲು ಸೀಟಿನಲ್ಲಿ ಕೂತೆ. ಅವರು ಬಂದು ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟು, "ಇದಕ್ಕೆ ತಾಗೋ ತನಕ ಮಾತ್ರ ಸಾರ್, ಹಳೇ ಮನೆ ಹಿತ್ತಿಲಿಗೆ ಹೋಗೋದು ಬೇಡ" ಅಂದರು. ಅಲ್ಲಿಯ ತನಕ ಅವರ ಬಗ್ಗೆ ನನಗಿದ್ದ ಅನುಮಾನ ಆ ಮರದ ತುಂಡು ನೋಡಿದ ಮೇಲೆ ಹೋಯಿತು. ಬೇರೆ ದಾರಿಯೂ ಇದೆ, ಮೇಲಿನ ಆಯಿಲ್ ಡಬ್ಬಿಗೆ ಹದವಾದ ಒತ್ತಡ ಕೊಟ್ಟು ತಳ್ಳಿಸಬಹುದು, ಇಲ್ಲವೇ ನಿಪ್ಪಲ್ ತೆರೆದು ತಾನಾಗಿ ಇಳಿಯಲು ಬಿಡಬಹುದು. ಅದಕ್ಕೆ ತಾಳ್ಮೆ ಬೇಕು.

ಕ್ಯಾಲಿಪರ್ ವಿಷಯಕ್ಕೆ ಬಂದರೆ, ಅದರೊಳಗೆ ಪಿಸ್ಟನ್ ಸುತ್ತ ಚೌಕ ಅಂಚಿನ ಒಂದು ರಬ್ಬರ್ ಉಂಗುರ ಇರುತ್ತದೆ. ಬ್ರೇಕ್ ಒತ್ತಿದಾಗ ಪಿಸ್ಟನ್ ಮುಂದೆ ಹೋಗುತ್ತದೆ, ಉಂಗುರ ಅದಕ್ಕೆ ಅಂಟಿಕೊಂಡು ಸ್ವಲ್ಪ ಓರೆಯಾಗುತ್ತದೆ, ಕಾಲು ತೆಗೆದಾಗ ನೆಟ್ಟಗಾಗುತ್ತಾ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ. ಸ್ಪ್ರಿಂಗ್ ಇಲ್ಲ, ಏನಿಲ್ಲ. ಸೋರದ ಹಾಗೆ ತಡೆಯುವುದೂ ಅದೇ, ಹಿಂದಕ್ಕೆ ಎಳೆಯುವುದೂ ಅದೇ. ಇಷ್ಟು ಸರಳ ಯೋಚನೆ ಯಾರಿಗೆ ಬಂತೋ ಅಂತ ನನಗೆ ಈಗಲೂ ಆಶ್ಚರ್ಯ. ವಯಸ್ಸಾದ ಮೇಲೆ ಆ ಉಂಗುರ ಗಟ್ಟಿಯಾಗುತ್ತದೆ, ಅಥವಾ ಹೊರಗಿನ ಧೂಳು ತಡೆಯುವ ರಬ್ಬರ್ ಹರಿದು ನೀರು ಸೇರಿ ಪಿಸ್ಟನ್ ತುಕ್ಕು ಹಿಡಿಯುತ್ತದೆ. ಆದರೆ ಇದೂ ಹೇಳಿಯೇ ಸಾಯುತ್ತದೆ. ಒಂದು ಚಕ್ರ ಜಾಸ್ತಿ ಬಿಸಿ, ಗಾಡಿ ಒಂದು ಕಡೆಗೆ ವಾಲುವುದು, ಒಂದು ಪ್ಯಾಡ್ ಮಾತ್ರ ಬೇಗ ಸವೆಯುವುದು. ಸ್ವಲ್ಪ ದೂರ ಓಡಿಸಿ ಬಂದು ನಾಲ್ಕೂ ಚಕ್ರದ ಹತ್ತಿರ ಅಂಗೈ ಒಡ್ಡಿ ನೋಡಿ, ಮುಟ್ಟಬೇಡಿ. ಎಡ ಬಲ ಹೆಚ್ಚುಕಡಿಮೆ ಒಂದೇ ಬಿಸಿ ಇರಬೇಕು. ನನ್ನದು ಇತ್ತು. ಹಾಗಾಗಿ ಕ್ಯಾಲಿಪರ್ ಬದಲಾಯಿಸಲಿಲ್ಲ, ಅದು ಜಾರುವ ಪಿನ್ನುಗಳನ್ನು ಮಾತ್ರ ತೆಗೆದು ಒರೆಸಿ ಹೊಸ ಗ್ರೀಸ್ ಹಾಕಿಸಿದೆ. ಸಿಲಿಕೋನ್ ಗ್ರೀಸು. ಕೈಗೆ ಸಿಕ್ಕ ಯಾವುದೋ ಗ್ರೀಸೋ ಎಂಜಿನ್ ಆಯಿಲೋ ಹಚ್ಚಿದರೆ ಬ್ರೇಕಿನ ರಬ್ಬರ್ ಊದಿಕೊಳ್ಳುತ್ತದೆ, ಚೆನ್ನಾಗಿದ್ದದ್ದೂ ಹಾಳು.

ಹಿಂದಿನ ಡ್ರಮ್ ಬಿಚ್ಚಿಸಿ ವೀಲ್ ಸಿಲಿಂಡರಿನ ರಬ್ಬರ್ ಟೋಪಿಯ ಅಂಚನ್ನು ಮೆಲ್ಲಗೆ ಎತ್ತಿ ನೋಡಿದೆವು. ಎಡಗಡೆ ಒಣಗಿತ್ತು. ಬಲಗಡೆ ಬೆರಳಿಗೆ ಜಿಡ್ಡು ಅಂಟಿತು. ಹೊರಗೆ ಒಂದು ಹನಿ ಬಂದಿರಲಿಲ್ಲ, ಆದರೂ ಎರಡೂ ಬದಿ ಹೊಸದು ಹಾಕಿಸಿದೆ. ಅಲ್ಲಿ ಸೋರಿದರೆ ಆಯಿಲ್ ನೇರ ಶೂ ಮೇಲೆಯೇ ಬೀಳುತ್ತದೆ, ಡ್ರಮ್ಮಿನೊಳಗೆ ಅಡಗಿರುವುದರಿಂದ ಯಾರಿಗೂ ಕಾಣುವುದಿಲ್ಲ. ಬ್ರೇಕ್ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ ಅಂತ ಮೆಕ್ಯಾನಿಕ್‌ಗೆ ಹೇಳಬೇಕು ಅಂದುಕೊಂಡಿದ್ದೆ, ಅಷ್ಟರಲ್ಲಿ ಅವರೇ ಒದ್ದೆ ಬಟ್ಟೆ ತೆಗೆದಿದ್ದರು.

ಲೋಹದ ಪೈಪುಗಳನ್ನು ತಳದ ಕೆಳಗೆ ಮಲಗಿ ಟಾರ್ಚ್ ಹಾಕಿ ಉದ್ದಕ್ಕೂ ನೋಡಿದ್ದಾಯಿತು. ಮೇಲೆ ಬಣ್ಣ ಮಾಸಿದೆ, ಅಷ್ಟೇ. ತುಕ್ಕು ಪದರ ಪದರವಾಗಿ ಎದ್ದಿದ್ದರೆ ಅಥವಾ ಕ್ಲಿಪ್ ಹಿಡಿದ ಜಾಗದಲ್ಲಿ ಹಳ್ಳ ಬಿದ್ದಿದ್ದರೆ ಅವತ್ತೇ ಬದಲಾಯಿಸುತ್ತಿದ್ದೆ, ಅದರಲ್ಲಿ ಯೋಚನೆ ಮಾಡುವಂಥದ್ದು ಏನೂ ಇಲ್ಲ. ಪೆಡಲ್ ಒತ್ತುವ ಬಲವನ್ನು ಹೆಚ್ಚಿಸಿಕೊಡುವ ಬೂಸ್ಟರಿಗೆ ಒಂದು ನಿಮಿಷದ ಪರೀಕ್ಷೆ. ಎಂಜಿನ್ ಆಫ್ ಮಾಡಿ ಪೆಡಲ್ ಗಟ್ಟಿಯಾಗುವ ತನಕ ನಾಲ್ಕೈದು ಸಲ ಒತ್ತಿ, ಒತ್ತಿ ಹಿಡಿದೇ ಎಂಜಿನ್ ಚಾಲೂ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ.

ಹೀಗೆ ಲಕೋಟೆಯ ಪಟ್ಟಿಯಲ್ಲಿ ಹದಿನಾಲ್ಕು ಸಾಲು ಇದ್ದದ್ದು ಕೆಲಸಕ್ಕೆ ಬಂದಾಗ ಮೂರಕ್ಕೆ ಇಳಿಯಿತು: ಆಯಿಲ್, ನಾಲ್ಕು ಹೋಸ್, ಎರಡು ವೀಲ್ ಸಿಲಿಂಡರ್. ಅಣ್ಣನಿಗೆ ಫೋನ್ ಮಾಡಿ ಹೇಳಿದೆ. "ಮಾಸ್ಟರ್ ಸಿಲಿಂಡರ್ ಹಾಕಿಸಲಿಲ್ವಾ?" ಅಂತ ಕೇಳಿದ. ಇಲ್ಲ ಅಂದೆ. "ನಿನ್ನಿಷ್ಟ" ಅಂದ. ಆ ನಿನ್ನಿಷ್ಟ ಹೇಗಿರುತ್ತದೆ ಅಂತ ಅಣ್ಣಂದಿರು ಇರುವವರಿಗೆ ಗೊತ್ತು.

ಕೆಲಸ ಆಗಿ ಐದು ವಾರ. ವಾಡಿಂಗ್ಟನ್ ಲೆಕ್ಕ ತಲೆಯಲ್ಲಿ ಕೂತಿದ್ದರಿಂದ ಮೊದಲ ವಾರ ಪ್ರತಿದಿನ ಬೆಳಿಗ್ಗೆ ಬಾನೆಟ್ ಎತ್ತಿ ಡಬ್ಬಿಯ ಗೆರೆ ನೋಡಿದೆ, ಚಕ್ರದ ಒಳಬದಿಗೆ ಬೆರಳು ಸವರಿ ಒದ್ದೆ ಇದೆಯಾ ಅಂತ ನೋಡಿದೆ, ಪಕ್ಕದ ಮನೆಯವರು ಏನೋ ಕಳೆದುಕೊಂಡಿದ್ದೇನೆ ಅಂದುಕೊಂಡಿರಬೇಕು. ಎಲ್ಲಿಯೂ ಸೋರಿಲ್ಲ. ಆಯಿಲ್ ಬದಲಾಯಿಸಿದ ತಾರೀಕನ್ನು ಕಾಗದದ ಟೇಪಿನ ಮೇಲೆ ಬರೆದು ಡಬ್ಬಿಗೆ ಅಂಟಿಸಿದ್ದೇನೆ. ಊದಿದ ಹೋಸಿನ ತುಂಡು ಮೇಜಿನ ಮೇಲೆ ಪೆನ್ನುಗಳ ಪಕ್ಕ ಇದೆ, ಬಂದವರಿಗೆಲ್ಲ ತೋರಿಸುತ್ತಿದ್ದೇನೆ, ಬಂದವರು ಬೇರೆ ವಿಷಯ ತೆಗೆಯುತ್ತಾರೆ.

ಪಟ್ಟಿಯಲ್ಲಿ ಉಳಿದದ್ದು ಹ್ಯಾಂಡ್ ಬ್ರೇಕ್ ಕೇಬಲ್ ಒಂದೇ. ಮೆಕ್ಯಾನಿಕ್ "ಹೇಗೂ ಡ್ರಮ್ ಬಿಚ್ಚಿದ್ದೇವೆ, ಹಾಕಿಬಿಡೋಣ" ಅಂದರು. ಈಗ ಆರು ಕ್ಲಿಕ್ಕಿಗೆ ಗಟ್ಟಿಯಾಗಿ ಹಿಡಿಯುತ್ತದೆ, ಇಳಿಜಾರಿನಲ್ಲಿ ಗಾಡಿ ಒಂದಿಂಚು ಜರುಗುವುದಿಲ್ಲ. ಎಂಟೋ ಒಂಬತ್ತೋ ಆದ ದಿನ ನೋಡೋಣ ಅಂದೆ.